ಟಿವಿಯ ಕೆಳಗಿನ ಕಂಪ್ಯೂಟರಿಗೆ ಒಂದು ರಿಮೋಟ್: ಕನ್ನಡದ ಪಾಠ ಒಂದೇ ಗುಂಡಿಗೆ ದೊರೆಯುವಂತೆ ಮಾಡುವ ಬಗೆ

ತಾಳವಾಡಿ ಬೆಟ್ಟಸೀಮೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಟಿವಿಯ ಪಾಠಗಳು ಎರಡು ದಿಕ್ಕಿನಿಂದ ಬರುತ್ತವೆ. ಎರಡೂ ಪೂರ್ತಿಯಾಗಿ ಅವರವಲ್ಲ. ತಮಿಳುನಾಡು ಸರಕಾರ 2019ರಲ್ಲಿ ಆರಂಭಿಸಿದ ಕಲ್ವಿ ಟಿವಿಯ ಪಾಠಗಳು ನಮ್ಮ ಮಕ್ಕಳ ಪಠ್ಯಕ್ರಮಕ್ಕೆ ಹೊಂದುತ್ತವೆ, ಆದರೆ ಮುಖ್ಯವಾಗಿ ತಮಿಳಿನಲ್ಲಿರುತ್ತವೆ. ಸೋಂಕಿನ ಕಾಲದಲ್ಲಿ, 2020ರಲ್ಲಿ, ದೂರದರ್ಶನ ಚಂದನದಲ್ಲಿ ಪ್ರಸಾರವಾದ ‘ಸಂವೇದ’ ಪಾಠಗಳು ಕನ್ನಡದವೇ ಹೌದು, ಆದರೆ ಅವು ಕರ್ನಾಟಕದ ಪಠ್ಯಪುಸ್ತಕವನ್ನು ಅನುಸರಿಸಿದವು. ನಮ್ಮ ಮಕ್ಕಳ ಕೈಯಲ್ಲಿರುವುದು ತಮಿಳುನಾಡಿನ ಪಠ್ಯಕ್ರಮದ ಕನ್ನಡ ಪುಸ್ತಕ. ಭಾಷೆಯೂ ಪಠ್ಯವೂ ಒಟ್ಟಿಗೆ ಕೂಡಿಬರುವ ಪಾಠ ಬೇಕೆಂದರೆ ನಮ್ಮ ಶಿಕ್ಷಕರೇ ಮೊಬೈಲಿನಲ್ಲಿ ಚಿತ್ರೀಕರಿಸಿದ ವಿಡಿಯೊ, ಧ್ವನಿಮುದ್ರಿಸಿದ ಪದ್ಯ, ತರಗತಿಯಲ್ಲಿ ಮಾಡಿ ತೋರಿಸಿದ ಪ್ರಯೋಗ ಇವುಗಳನ್ನೇ ನೆಚ್ಚಬೇಕು. ಅಂಥವು ಪೆನ್‌ಡ್ರೈವ್‌ನಲ್ಲಿ ಅಥವಾ ತಂದೆಯ ಫೋನಿನ ಮೂಲೆಯಲ್ಲಿ ಬಿದ್ದಿರುತ್ತವೆ. ಬೇಕಾದಾಗ ಮಗುವಿನ ಕೈಗೆ ಸಿಗುವುದಿಲ್ಲ.

ಅವುಗಳನ್ನು ಮನೆಯ ಟಿವಿಗೆ ತರುವುದು ಇಂದು ಕಷ್ಟದ ಕೆಲಸವಲ್ಲ. ಕಷ್ಟವಿರುವುದು ಬೇರೆಡೆ. ಟಿವಿಗೆ ಕಂಪ್ಯೂಟರನ್ನು ಜೋಡಿಸಿದ ಮೇಲೆ ಅದನ್ನು ನಡೆಸಲು ಕೀಲಿಮಣೆ, ಮೌಸ್, ಇಂಗ್ಲಿಷ್ ಪಟ್ಟಿಗಳು ಎದುರಾಗುತ್ತವೆ. ಹಿರಿಯ ಮಗ ಹಾಸ್ಟೆಲಿಗೆ ಹೋದ ಮರುದಿನವೇ ಆ ಕಂಪ್ಯೂಟರ್ ಧೂಳು ಹಿಡಿಯತೊಡಗುತ್ತದೆ. ಎರಡನೆಯ ತರಗತಿಯ ಮಗು ಮತ್ತು ಓದು ಬಾರದ ಅಜ್ಜಿ ಇಬ್ಬರೂ ಯಾರ ನೆರವೂ ಇಲ್ಲದೆ ಬಳಸಬಲ್ಲ ಸಾಧನವೊಂದೇ, ಅದು ರಿಮೋಟ್. ಆದುದರಿಂದ ಕಂಪ್ಯೂಟರಿಗೆ ರಿಮೋಟನ್ನು ಹೊಂದಿಸುವ ಬಗೆಯನ್ನೂ, ಹೊಂದಿಸುವಾಗ ಕನ್ನಡಕ್ಕೆ ಮೊದಲ ಸ್ಥಾನ ಕೊಡುವ ಬಗೆಯನ್ನೂ ಇಲ್ಲಿ ವಿವರಿಸುತ್ತೇವೆ.

ಯಾವ ಕಂಪ್ಯೂಟರ್ ಎಂಬ ಪ್ರಶ್ನೆಗೆ ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಉತ್ತರ ಆಗಲೇ ಇದೆ. 2006ರ ಚುನಾವಣೆಯ ನಂತರ ತಮಿಳುನಾಡಿನಲ್ಲಿ ಉಚಿತ ಬಣ್ಣದ ಟಿವಿ ಹಂಚಿಕೆಯಾಯಿತು. 2011ರಿಂದ ಹೈಯರ್ ಸೆಕೆಂಡರಿ ಮತ್ತು ಕಾಲೇಜು ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಬಂದಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿ ತಾಳವಾಡಿ ಇತ್ತಲೇ ಉಳಿದುದರ ನಷ್ಟಗಳನ್ನು ನಾವು ಎಷ್ಟೋ ಬಾರಿ ಎಣಿಸಿದ್ದೇವೆ. ಈ ಲ್ಯಾಪ್‌ಟಾಪ್ ಲಾಭದ ಕಡೆಗೆ ಬರೆಯಬೇಕಾದ ಬಾಬತ್ತು. ಓದು ಮುಗಿಸಿದ ಮಕ್ಕಳ ಹಳೆಯ ಲ್ಯಾಪ್‌ಟಾಪ್ ಹೊಸ ಕೆಲಸಗಳಿಗೆ ನಿಧಾನವೆನಿಸಬಹುದು, ಆದರೆ ವಿಡಿಯೊ ಮತ್ತು ಹಾಡು ನುಡಿಸುವಷ್ಟು ಶಕ್ತಿ ಅದಕ್ಕೆ ಉಂಟು. ಬ್ಯಾಟರಿ ಇನ್ನೂ ಜೀವಂತವಾಗಿದ್ದರೆ ಇನ್ನೊಂದು ಅನುಕೂಲವಿದೆ: ಕರೆಂಟು ಹೋದಾಗ ಟಿವಿ ಆರಿದರೂ ಕಂಪ್ಯೂಟರ್ ಆರುವುದಿಲ್ಲ.

ಲ್ಯಾಪ್‌ಟಾಪ್ ಇಲ್ಲದವರು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಕೊಳ್ಳಬಹುದು. 2012ರಲ್ಲಿ ಬ್ರಿಟನ್ನಿನಲ್ಲಿ ಶಾಲಾ ಮಕ್ಕಳಿಗಾಗಿಯೇ ಬಿಡುಗಡೆಯಾದ ಸಾಧನವಿದು. ಯಂತ್ರ ಎರಡರಲ್ಲಿ ಯಾವುದಾದರೂ ಸರಿ, ಅದರ ಮೇಲೆ ನಡೆಯುವ ತಂತ್ರಾಂಶ ಕೋಡಿ. ಇದು ಉಚಿತ, ಮುಕ್ತ ತಂತ್ರಾಂಶ. ಇಂಟರ್ನೆಟ್ ಇಲ್ಲದೆಯೂ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್‌ನಲ್ಲಿರುವುದನ್ನು ಟಿವಿಯ ಪರದೆಗೆ ತಕ್ಕಂತೆ ದೊಡ್ಡ ಚಿತ್ರಗಳಾಗಿ ತೋರಿಸುತ್ತದೆ. ಸಿಗ್ನಲ್ ಬಂದು ಹೋಗುವ ಬೆಟ್ಟದ ಊರುಗಳಿಗೆ ಇದೇ ಮುಖ್ಯವಾದ ಗುಣ. ಮೊದಲಿನಿಂದಲೂ ಸೋಫಾದ ದೂರದಿಂದ ನೋಡುವವರಿಗಾಗಿ ರೂಪಿಸಿದ ತಂತ್ರಾಂಶವಾದುದರಿಂದ, ನಾಲ್ಕು ಬಾಣದ ಗುಂಡಿ, ಒಂದು ‘ಓಕೆ’, ಒಂದು ‘ಹಿಂದಕ್ಕೆ’ ಇಷ್ಟಿದ್ದರೆ ಅದರೊಳಗಿನ ಬಹುತೇಕ ಎಲ್ಲ ಕಡೆಗೂ ಹೋಗಿ ಬರಬಹುದು.

ಟಿವಿಯ ರಿಮೋಟೇ ಸಾಕಾಗುವ ದಾರಿ

ರಾಸ್ಪ್‌ಬೆರಿ ಪೈ ಇದ್ದವರು ಹೊಸ ರಿಮೋಟ್ ಕೊಳ್ಳುವ ಮೊದಲು ಇದನ್ನು ಪರೀಕ್ಷಿಸಬೇಕು. ಟಿವಿಗೂ ಪೈಗೂ ನಡುವೆ ಇರುವ ಎಚ್‌ಡಿಎಂಐ ತಂತಿ ಚಿತ್ರವನ್ನೂ ಧ್ವನಿಯನ್ನೂ ಮಾತ್ರ ಒಯ್ಯುವುದಿಲ್ಲ. ಅದರ 19 ಸೂಜಿಗಳ ಪೈಕಿ 13ನೆಯದು ಸಿಇಸಿ ಎಂಬ ಸಂದೇಶಗಳಿಗೆ ಮೀಸಲು. ನೀವು ಟಿವಿಯ ರಿಮೋಟಿನಲ್ಲಿ ಬಾಣದ ಗುಂಡಿ ಒತ್ತಿದರೆ ಟಿವಿ ಅದನ್ನು ಸ್ವೀಕರಿಸಿ, ‘ಇದು ನನಗಲ್ಲ, ಈಗ ಪರದೆಯ ಮೇಲಿರುವ ಯಂತ್ರಕ್ಕೆ’ ಎಂದು ಆ ಸೂಜಿಯ ಮೂಲಕ ಪೈಗೆ ದಾಟಿಸುತ್ತದೆ. ಕೋಡಿಯಲ್ಲಿ ಇದಕ್ಕಾಗಿ ವಿಶೇಷವಾಗಿ ಮಾಡಬೇಕಾದುದು ಸಾಮಾನ್ಯವಾಗಿ ಏನೂ ಇರುವುದಿಲ್ಲ.

ಆದರೂ ಕೆಲಸ ಮಾಡದಿದ್ದರೆ ಕಾರಣ ಬಹುತೇಕ ಟಿವಿಯ ಸೆಟ್ಟಿಂಗಿನಲ್ಲಿರುತ್ತದೆ. ಸಿಇಸಿ ಎಂಬ ಹೆಸರನ್ನು ಕಂಪನಿಗಳು ತಮಗೆ ಬೇಕಾದಂತೆ ಬದಲಿಸಿಕೊಂಡಿವೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರೇವಿಯಾ ಸಿಂಕ್, ಪ್ಯಾನಸೋನಿಕ್‌ನಲ್ಲಿ ವಿಯೆರಾ ಲಿಂಕ್, ಫಿಲಿಪ್ಸ್‌ನಲ್ಲಿ ಈಸಿಲಿಂಕ್. ಟಿವಿಯ ಸೆಟ್ಟಿಂಗಿನಲ್ಲಿ ಈ ಹೆಸರನ್ನು ಹುಡುಕಿ ಆನ್ ಮಾಡತಕ್ಕದ್ದು. ಪೈ 4ರಲ್ಲಿ ಎರಡು ಚಿಕ್ಕ ಎಚ್‌ಡಿಎಂಐ ಕಿಂಡಿಗಳಿವೆ. ವಿದ್ಯುತ್ ಕಿಂಡಿಗೆ ಹತ್ತಿರವಿರುವುದನ್ನೇ ಬಳಸಬೇಕು. ಪೈ ಆನ್ ಆದೊಡನೆ ಅಜ್ಜಿ ನೋಡುತ್ತಿದ್ದ ಧಾರಾವಾಹಿ ಮಾಯವಾಗಿ ಪರದೆ ತಾನಾಗಿಯೇ ಕೋಡಿಗೆ ತಿರುಗುವುದುಂಟು. ಮನೆಯಲ್ಲಿ ಜಗಳಕ್ಕೆ ಇಷ್ಟೇ ಸಾಕು. ಕೋಡಿಯ ಸಿಸ್ಟಮ್ ಸೆಟ್ಟಿಂಗಿನ ಇನ್‌ಪುಟ್ ವಿಭಾಗದಲ್ಲಿ ಸಿಇಸಿ ಅಡಾಪ್ಟರ್ ಎಂಬಲ್ಲಿ ಈ ಅಭ್ಯಾಸವನ್ನು ಬಿಡಿಸಬಹುದು.

ಲ್ಯಾಪ್‌ಟಾಪ್ ಇರುವವರು ಈ ದಾರಿಯನ್ನು ಮರೆಯುವುದು ಒಳ್ಳೆಯದು. ಸಾಮಾನ್ಯ ಲ್ಯಾಪ್‌ಟಾಪ್‌ಗಳ ಎಚ್‌ಡಿಎಂಐ ಕಿಂಡಿಯಲ್ಲಿ ಸಿಇಸಿ ಸಂಪರ್ಕ ಇರುವುದಿಲ್ಲ. ಅದನ್ನು ಸೇರಿಸುವ ಬೇರೆ ಅಡಾಪ್ಟರ್ ದೊರೆಯುತ್ತದೆಯಾದರೂ ಅದರ ಬೆಲೆಗಿಂತ ಅಗ್ಗವಾದ ಉಪಾಯಗಳಿವೆ.

ಬೆಳಕಿನ ರಿಮೋಟ್, ರೇಡಿಯೊ ರಿಮೋಟ್

ಮನೆಯಲ್ಲಿ ಒಡೆದುಹೋದ ಡಿವಿಡಿ ಪ್ಲೇಯರಿನ ರಿಮೋಟ್ ಇದ್ದರೆ ಎಸೆಯಬೇಡಿ. ಅದರ ಮುಂತುದಿಯಲ್ಲಿರುವ ಪುಟ್ಟ ದೀಪ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಸೂಸುತ್ತದೆ. ಫೋನಿನ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿದರೆ ಅನೇಕ ಫೋನುಗಳ ಪರದೆಯಲ್ಲಿ ಆ ದೀಪ ನೇರಳೆಯಾಗಿ ಮಿನುಗುವುದನ್ನು ನೋಡಬಹುದು. ರಿಮೋಟ್ ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಹಿಂಬದಿಯ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ.

ಆ ಬೆಳಕು ಸುಮ್ಮನೆ ಉರಿಯುವುದಿಲ್ಲ. ಸೆಕೆಂಡಿಗೆ ಸುಮಾರು 38 ಸಾವಿರ ಬಾರಿ ಮಿಟುಕುತ್ತದೆ. ಕೋಣೆಯ ದೀಪ, ಬಿಸಿಲು, ಒಲೆಯ ಬೆಂಕಿ ಎಲ್ಲವೂ ಅವಗೆಂಪು ಬೆಳಕನ್ನು ಹೊಮ್ಮಿಸುತ್ತವೆ. ಈ ನಿರ್ದಿಷ್ಟ ವೇಗದ ಮಿಟುಕೇ ರಿಮೋಟಿನ ಗುರುತು. ಗ್ರಾಹಕ ಬಿಡಿಭಾಗ ಉಳಿದುದನ್ನೆಲ್ಲ ಸೋಸಿ ಇದನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಬಹಳ ಬಳಕೆಯಲ್ಲಿರುವ ಎನ್ಇಸಿ ಎಂಬ ಪದ್ಧತಿಯಲ್ಲಿ ಗುಂಡಿ ಒತ್ತಿದೊಡನೆ ಮೊದಲು 9 ಮಿಲಿಸೆಕೆಂಡಿನ ಒಂದು ನೀಳ ಮಿಂಚು, ಆಮೇಲೆ ಅದರ ಅರ್ಧದಷ್ಟು ಮೌನ, ಅನಂತರ ಸೊನ್ನೆ ಮತ್ತು ಒಂದುಗಳ 32 ಸಂಕೇತಗಳು ಹೊರಡುತ್ತವೆ. ಸೊನ್ನೆಗೂ ಒಂದಕ್ಕೂ ಇರುವ ವ್ಯತ್ಯಾಸ ಎರಡು ಮಿಂಚುಗಳ ನಡುವಿನ ಮೌನದ ಉದ್ದದಲ್ಲಿದೆ: ಗಿಡ್ಡ ಮೌನ ಸೊನ್ನೆ, ಅದರ ಮೂರರಷ್ಟು ಉದ್ದದ ಮೌನ ಒಂದು. 32ರಲ್ಲಿ ಅರ್ಧ ‘ನಾನು ಯಾವ ಯಂತ್ರಕ್ಕಾಗಿ’ ಎನ್ನುತ್ತದೆ, ಇನ್ನರ್ಧ ‘ಯಾವ ಗುಂಡಿ’ ಎನ್ನುತ್ತದೆ. ಪ್ರತಿ ಮಾಹಿತಿಯನ್ನೂ ಒಮ್ಮೆ ನೇರವಾಗಿ, ಒಮ್ಮೆ ತಿರುವುಮುರುವಾಗಿ ಕಳಿಸಿ ತಪ್ಪಿಲ್ಲವೆಂದು ಖಚಿತಪಡಿಸುತ್ತದೆ.

ಇಲ್ಲಿ ಗಮನಿಸಬೇಕಾದುದು ಒಂದಿದೆ. ರಿಮೋಟ್ ಎಂದೂ ‘ಧ್ವನಿ ಹೆಚ್ಚಿಸು’ ಎನ್ನುವುದಿಲ್ಲ. ಒಂದು ಸಂಖ್ಯೆಯನ್ನು ಮಾತ್ರ ಹೇಳುತ್ತದೆ. ಆ ಸಂಖ್ಯೆಗೆ ಅರ್ಥ ಕೊಡುವುದು ಕಂಪ್ಯೂಟರಿನಲ್ಲಿರುವ ಪಟ್ಟಿ. ಗುಂಡಿಯ ಮೇಲೆ ಕಂಪನಿ ಅಚ್ಚು ಹಾಕಿದ ಹೆಸರು ಏನೇ ಇರಲಿ, ಅದರ ಅರ್ಥವನ್ನು ನಿರ್ಧರಿಸುವವರು ನೀವು. ಮುಂದೆ ಕನ್ನಡಕ್ಕೊಂದು ಗುಂಡಿಯನ್ನು ಮೀಸಲಿಡಲು ಸಾಧ್ಯವಾಗುವುದು ಈ ಕಾರಣದಿಂದಲೇ.

ಪೈಗೆ ಮೂರು ಕಾಲಿನ ಗ್ರಾಹಕ ಬಿಡಿಭಾಗವನ್ನು ನೇರವಾಗಿ ಜೋಡಿಸಬಹುದು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳುವಾಗ ಟಿಎಸ್ಒಪಿ 38238 ಎಂದೇ ಕೇಳಿ. ಹಳೆಯ ಟಿಎಸ್ಒಪಿ 1738 ಕೊಟ್ಟರೆ ಒಪ್ಪಿಕೊಳ್ಳಬೇಡಿ: ಅದು 5 ವೋಲ್ಟಿನಲ್ಲಿ ನಡೆಯತಕ್ಕದ್ದು, ಪೈಯ ಸಂಕೇತದ ಸೂಜಿಗಳು 3.3 ವೋಲ್ಟಿಗಿಂತ ಹೆಚ್ಚನ್ನು ತಾಳಲಾರವು. ಎರಡರ ಕಾಲುಗಳ ಕ್ರಮವೂ ಬೇರೆ ಬೇರೆ. 38238ರ ಉಬ್ಬಿದ ಮುಖ ನಮ್ಮೆಡೆಗಿದ್ದಾಗ ಎಡದಿಂದ ಮೊದಲನೆಯದು ಸಂಕೇತ, ನಡುವಿನದು ಭೂಮಿ, ಕೊನೆಯದು ವಿದ್ಯುತ್. ಇವನ್ನು ಕ್ರಮವಾಗಿ ಪೈಯ 12, 6 ಮತ್ತು 1ನೆಯ ಸೂಜಿಗಳಿಗೆ ಸೇರಿಸಬೇಕು. ಬಳಿಕ ಪೈಯ ಸಂರಚನಾ ಕಡತದಲ್ಲಿ ಅವಗೆಂಪು ಗ್ರಾಹಕವನ್ನು ಎಚ್ಚರಿಸುವ ಒಂದು ಸಾಲನ್ನು ಸೇರಿಸಿದರೆ ಯಂತ್ರ ಸಂಖ್ಯೆಗಳನ್ನು ಓದಲಾರಂಭಿಸುತ್ತದೆ. ಇದು ಹೈಸ್ಕೂಲಿನ ವಿಜ್ಞಾನ ಶಿಕ್ಷಕರು ಮಕ್ಕಳ ಜೊತೆ ಒಂದು ಮಧ್ಯಾಹ್ನ ಕುಳಿತು ಮಾಡಬಹುದಾದ ಕೆಲಸ. ಅಭ್ಯಾಸವಿಲ್ಲದವರು ಒಬ್ಬರೇ ಕೈಹಾಕಬೇಕಾಗಿಲ್ಲ.

ಬೆಸುಗೆ, ಸೂಜಿಗಳ ಗೊಡವೆ ಬೇಡವೆನ್ನುವವರಿಗೆ ಯುಎಸ್‌ಬಿ ಕಿಂಡಿಗೆ ಚುಚ್ಚುವ ಗ್ರಾಹಕ ಮತ್ತು ರಿಮೋಟ್ ಒಟ್ಟಿಗೆ ಸಿಗುತ್ತವೆ. ಇವುಗಳಲ್ಲಿ ಎರಡು ಜಾತಿ. ಮೊದಲನೆಯದು ಮೈಕ್ರೋಸಾಫ್ಟ್ ಕಂಪನಿ ಹಿಂದೆ ತನ್ನ ಮೀಡಿಯಾ ಸೆಂಟರ್ ವಿಂಡೋಸ್‌ಗಾಗಿ ರೂಪಿಸಿದ ಹಸಿರು ಗುಂಡಿಯ ಮಾದರಿ. ಇದೂ ಅವಗೆಂಪು ಬೆಳಕಿನದೇ. ಎರಡನೆಯದು 2.4 ಗಿಗಾಹರ್ಟ್ಸ್ ರೇಡಿಯೊ ಅಲೆಯದು, ಅಂಗಡಿಗಳಲ್ಲಿ ‘ಏರ್ ಮೌಸ್’ ಎಂದು ಕರೆಯುತ್ತಾರೆ. ಕಂಪ್ಯೂಟರಿನ ದೃಷ್ಟಿಯಲ್ಲಿ ಅದು ಒಂದು ಪುಟ್ಟ ಕೀಲಿಮಣೆ. ಹಾಗಾಗಿ ಚುಚ್ಚಿದೊಡನೆ ಕೆಲಸ ಮಾಡುತ್ತದೆ. ಗುರಿಯಿಟ್ಟು ಹಿಡಿಯಬೇಕಾಗಿಲ್ಲ, ಕಂಪ್ಯೂಟರ್ ಕಪಾಟಿನೊಳಗಿದ್ದರೂ ನಡೆಯುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ನಮ್ಮ ಶಿಫಾರಸು ಇದೇ. ಉಗುರಿನಷ್ಟು ದೊಡ್ಡ ಅದರ ಗ್ರಾಹಕ ಕಳೆದುಹೋದರೆ ಮಾತ್ರ ರಿಮೋಟ್ ಆಟಿಕೆಯಾಗಿ ಉಳಿಯುತ್ತದೆ, ಆದುದರಿಂದ ಒಮ್ಮೆ ಚುಚ್ಚಿದ ಮೇಲೆ ತೆಗೆಯದಿರುವುದು ಲೇಸು.

ಫೋನನ್ನೇ ರಿಮೋಟ್ ಮಾಡಿಕೊಳ್ಳಬಹುದಲ್ಲವೇ ಎಂದು ಕೇಳುವವರಿದ್ದಾರೆ. ಮಾಡಬಹುದು. ಕೋಡಿಯವರೇ ಕೊಡುವ ‘ಕೋರೆ’ ಎಂಬ ಆಪ್ ಇದೆ. ಫೋನೂ ಕಂಪ್ಯೂಟರೂ ಒಂದೇ ವೈಫೈ ಜಾಲದಲ್ಲಿರಬೇಕು, ಕೋಡಿಯ ಸೇವೆಗಳ ಸೆಟ್ಟಿಂಗಿನಲ್ಲಿ ದೂರನಿಯಂತ್ರಣಕ್ಕೆ ಅನುಮತಿ ಕೊಟ್ಟಿರಬೇಕು. ಕಡತದ ಹೆಸರನ್ನು ಹುಡುಕಿ ಟೈಪು ಮಾಡಲು ಇದು ಅನುಕೂಲ. ಆದರೆ ಮನೆಯ ಮುಖ್ಯ ರಿಮೋಟಾಗಿ ಫೋನನ್ನು ಒಪ್ಪಲು ನಮಗೆ ಮನಸ್ಸಿಲ್ಲ. ಫೋನಿನ ಒಡೆಯರು ದಿಂಬಂ ಘಟ್ಟದ 27 ತಿರುವು ಇಳಿದು ಸತ್ಯಮಂಗಲಕ್ಕೋ, ಅತ್ತ ಚಾಮರಾಜನಗರಕ್ಕೋ ಹೊರಟರೆ ರಿಮೋಟೂ ಅವರ ಜೇಬಿನಲ್ಲೇ ಹೊರಡುತ್ತದೆ. ಮಗು ಶಾಲೆಯಿಂದ ಬರುವ ಹೊತ್ತಿಗೆ ಪಾಠವಿದ್ದೂ ಇಲ್ಲದಂತಾಗುತ್ತದೆ. ಫೋನನ್ನು ಮಗುವಿನ ಕೈಗೆ ಕೊಟ್ಟರೆ ಪಾಠ ನಡೆಯುವುದೋ ಬೇರೇನಾದರೂ ನಡೆಯುವುದೋ ಎಂಬುದನ್ನು ತಂದೆತಾಯಿಯರಿಗೆ ನಾವು ಹೇಳಬೇಕಾಗಿಲ್ಲ.

ಕನ್ನಡಕ್ಕೊಂದು ಗುಂಡಿ

ರಿಮೋಟ್ ಮಾತನಾಡತೊಡಗಿದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ಕೋಡಿಯ ಸೆಟ್ಟಿಂಗಿನಲ್ಲಿ ಪ್ಲೇಯರ್ ವಿಭಾಗದ ಭಾಷೆ ಎಂಬಲ್ಲಿ ‘ಮೆಚ್ಚಿನ ಆಡಿಯೊ ಭಾಷೆ’ ಎಂಬ ಆಯ್ಕೆಯಿದೆ. ಅದನ್ನು ಕನ್ನಡ ಎಂದು ಬದಲಿಸಿ. ಒಂದು ವಿಡಿಯೊದಲ್ಲಿ ಎರಡು ಮೂರು ಭಾಷೆಯ ಧ್ವನಿಗಳಿದ್ದರೆ ಇನ್ನು ಮುಂದೆ ಕನ್ನಡದ ಧ್ವನಿಯೇ ಮೊದಲು ಕೇಳಿಬರುತ್ತದೆ. ಆದರೆ ಒಂದು ಷರತ್ತು: ಕಡತದೊಳಗೆ ಆ ಧ್ವನಿಗೆ ‘ಕನ್ನಡ’ ಎಂಬ ಗುರುತು ಅಂಟಿಸಿರಬೇಕು. ಗುರುತಿಲ್ಲದ ಧ್ವನಿ ಯಾವ ಭಾಷೆಯದೆಂದು ಯಂತ್ರಕ್ಕೆ ತಿಳಿಯದು.

ಶಿಕ್ಷಕರಿಗೆ ಇಲ್ಲಿ ದೊಡ್ಡ ಅವಕಾಶವಿದೆ ಎಂಬುದು ನಮ್ಮ ಅಭಿಪ್ರಾಯ. ಒಂದು ಪ್ರಯೋಗವನ್ನು, ಉದಾಹರಣೆಗೆ ಎಲೆಯ ಪಿಷ್ಟ ಪರೀಕ್ಷೆಯನ್ನು, ಒಮ್ಮೆ ಚಿತ್ರೀಕರಿಸಿ ಅದಕ್ಕೆ ಕನ್ನಡದಲ್ಲಿ ಒಂದು, ತಮಿಳಿನಲ್ಲಿ ಒಂದು ವಿವರಣೆಯನ್ನು ಪ್ರತ್ಯೇಕವಾಗಿ ಧ್ವನಿಮುದ್ರಿಸಿಕೊಳ್ಳಿ. ಎಂಕೆವಿ ಟೂಲ್‌ನಿಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರವನ್ನೂ ಎರಡು ಧ್ವನಿಗಳನ್ನೂ ಸೇರಿಸಿ, ಪ್ರತಿ ಧ್ವನಿಗೂ ಅದರ ಭಾಷೆಯನ್ನು ಪಟ್ಟಿಯಿಂದ ಆರಿಸಿ ಒಂದೇ ಕಡತವಾಗಿ ಕಟ್ಟಬಹುದು. ಚಿತ್ರವನ್ನು ಮತ್ತೆ ಸಂಸ್ಕರಿಸಬೇಕಾಗಿಲ್ಲವಾದುದರಿಂದ ಹಳೆಯ ಲ್ಯಾಪ್‌ಟಾಪಿನಲ್ಲೂ ಬೇಗ ಮುಗಿಯುತ್ತದೆ.

ತಮಿಳಿನ ಧ್ವನಿ ಏಕೆ ಎಂದು ಯಾರಾದರೂ ಕೇಳಿಯಾರು. 2006ರ ತಮಿಳು ಕಲಿಕೆ ಕಾಯಿದೆಯ ನಂತರ ನಮ್ಮ ಮಕ್ಕಳು ತಮಿಳನ್ನೂ ಕಲಿಯುತ್ತಿದ್ದಾರೆ. ಹತ್ತನೆಯ ತರಗತಿಯ ಬಳಿಕ ಅನೇಕರು ತಮಿಳು ಇಲ್ಲವೇ ಇಂಗ್ಲಿಷ್ ಮಾಧ್ಯಮಕ್ಕೆ ದಾಟುತ್ತಾರೆ. ಅಲ್ಲಿ ಅವರನ್ನು ಎಡವಿಸುವುದು ವಿಷಯವಲ್ಲ, ಪಾರಿಭಾಷಿಕ ಪದ. ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ ಎಂದು ಕಲಿತದ್ದು ತಮಿಳಿನಲ್ಲಿ ಒಳಿಚ್ಚೇರ್ಕೈ ಆಗಿರುತ್ತದೆ. ಕನ್ನಡದಲ್ಲಿ ಅರ್ಥವಾದ ಚಿತ್ರವನ್ನೇ ಒಂದು ಗುಂಡಿ ಒತ್ತಿ ತಮಿಳಿನಲ್ಲಿ ಮತ್ತೆ ಕೇಳಿದರೆ ಆ ಪದ ತಾನಾಗಿ ಅದರ ಜಾಗಕ್ಕೆ ಬಂದು ಕೂರುತ್ತದೆ. ಮೊದಲು ಕೇಳುವುದು ಕನ್ನಡವಾಗಿರಬೇಕು ಎಂಬುದಷ್ಟೇ ನಮ್ಮ ಆಗ್ರಹ.

ಆ ಗುಂಡಿಯನ್ನು ಮಾಡುವುದು ಹೀಗೆ. ಕೋಡಿಯ ಅಧಿಕೃತ ಭಂಡಾರದಿಂದ ‘ಕೀಮ್ಯಾಪ್ ಎಡಿಟರ್’ ಎಂಬ ಸೇರ್ಪಡೆಯನ್ನು ಇಳಿಸಿಕೊಳ್ಳಿ. ಇದಕ್ಕೆ ಒಮ್ಮೆ ಮಾತ್ರ ಇಂಟರ್ನೆಟ್ ಬೇಕು. ಅದರಲ್ಲಿ ಪೂರ್ಣಪರದೆಯ ವಿಡಿಯೊ ಎಂಬ ಸಂದರ್ಭವನ್ನು ಆರಿಸಿ, ಧ್ವನಿಯ ಭಾಷೆಯನ್ನು ಮುಂದಕ್ಕೆ ಸರಿಸುವ ಕ್ರಿಯೆಗೆ ಹೋದರೆ, ಗುಂಡಿಯೊಂದನ್ನು ಒತ್ತಿರೆಂದು ಅದು ಕೇಳುತ್ತದೆ. ರಿಮೋಟಿನ ಕೆಂಪು ಗುಂಡಿಯನ್ನು ಒತ್ತಿ, ಉಳಿಸಿ ಹೊರಬನ್ನಿ. ಎರಡು ಧ್ವನಿಗಳಿರುವ ಕಡತದಲ್ಲಿ ಕೆಂಪು ಗುಂಡಿ ಕನ್ನಡದಿಂದ ತಮಿಳಿಗೂ ತಮಿಳಿನಿಂದ ಕನ್ನಡಕ್ಕೂ ಕರೆದೊಯ್ಯುತ್ತದೆ. ಸಿಇಸಿ ಬಳಸುವವರು ಗಮನಿಸಬೇಕು: ಎಲ್ಲ ಟಿವಿಗಳೂ ಬಣ್ಣದ ಗುಂಡಿಗಳನ್ನು ಪೈಗೆ ದಾಟಿಸುವುದಿಲ್ಲ, ದಾಟಿಸದಿದ್ದರೆ ಬೇರೆ ಗುಂಡಿಯನ್ನು ಆರಿಸಿಕೊಳ್ಳಿ.

ಪಾಠ ನೋಡುವ ಮಗುವಿಗೆ ಇನ್ನೊಂದು ಗುಂಡಿಯನ್ನು ಮೊದಲ ದಿನವೇ ತೋರಿಸಿಕೊಡಿ. ವಿಡಿಯೊ ನಡೆಯುತ್ತಿರುವಾಗ ಎಡಬಾಣವನ್ನು ಒಮ್ಮೆ ಒತ್ತಿದರೆ ಕೋಡಿ 10 ಸೆಕೆಂಡು ಹಿಂದಕ್ಕೆ ಹೋಗುತ್ತದೆ, ಬೇಗಬೇಗನೆ ಎರಡು ಬಾರಿ ಒತ್ತಿದರೆ 30 ಸೆಕೆಂಡು. ಲೆಕ್ಕದ ಒಂದು ಹೆಜ್ಜೆ ತಪ್ಪಿಹೋದಾಗ ತರಗತಿಯಲ್ಲಿ ಕೈಯೆತ್ತಿ ಕೇಳಲು ನಾಚುವ ಮಗು ಇಲ್ಲಿ ಎಷ್ಟು ಬಾರಿ ಬೇಕಾದರೂ ಕೇಳಿಸಿಕೊಳ್ಳಬಹುದು.

ಪಟ್ಟಿಗಳ ವಿಷಯ. ಕೋಡಿಯ ಮುಖಪುಟದಲ್ಲಿ ಹವಾಮಾನ, ರೇಡಿಯೊ, ಆಟ ಮುಂತಾದ ಹತ್ತಾರು ಇಂಗ್ಲಿಷ್ ಹೆಸರುಗಳಿರುತ್ತವೆ. ಇಂಟರ್‌ಫೇಸ್ ವಿಭಾಗದ ಸ್ಕಿನ್ ಸೆಟ್ಟಿಂಗಿನಲ್ಲಿ ಬೇಡದವನ್ನೆಲ್ಲ ಮರೆಮಾಡಿ, ವಿಡಿಯೊ ಮತ್ತು ‘ಮೆಚ್ಚಿನವು’ ಎರಡನ್ನು ಉಳಿಸಿದರೆ ಸಾಕು. ಪಾಠಗಳನ್ನು ತರಗತಿ, ವಿಷಯಗಳಿಗೆ ತಕ್ಕಂತೆ ಬೇರೆ ಬೇರೆ ಫೋಲ್ಡರಿನಲ್ಲಿಡಿ. ಪ್ರತಿ ಫೋಲ್ಡರಿನೊಳಗೂ ಆಯಾ ಪಠ್ಯಪುಸ್ತಕದ ಹೊದಿಕೆಯ ಫೋಟೊ ಒಂದನ್ನು ಇಟ್ಟು, ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ‘ಫೋಲ್ಡರ್’ ಎಂಬ ಹೆಸರಿನ ಜೆಪಿಜಿ ಕಡತವಾಗಿ ಉಳಿಸಿದರೆ ಪರದೆಯಲ್ಲಿ ಹೆಸರಿನ ಜೊತೆಗೆ ಆ ಚಿತ್ರವೇ ಕಾಣುತ್ತದೆ. ಅಕ್ಷರ ಕಲಿಯದ ಮಗುವಿಗೆ ಪುಸ್ತಕದ ಬಣ್ಣ ಸಾಕು. ಅಜ್ಜಿಯ ಫೋಲ್ಡರಿಗೆ ಗಾಜನೂರಿನ ನಮ್ಮ ರಾಜ್‌ಕುಮಾರ್ ಚಿತ್ರವನ್ನು ಇಟ್ಟರೆ ಆಕೆಯೂ ಯಾರನ್ನೂ ಕರೆಯದೆ 1954ರ ‘ಬೇಡರ ಕಣ್ಣಪ್ಪ’ದವರೆಗೆ ತಾನೇ ಹೋಗಿ ತಲುಪುತ್ತಾಳೆ. ಸಿನಿಮಾ ಹಕ್ಕುಳ್ಳ ಪ್ರತಿಯೇ ಆಗಿರಲಿ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ. ಶಾಲೆಯ ವಿಡಿಯೊಗಳಲ್ಲಿ ಮಕ್ಕಳ ಮುಖವಿದ್ದರೆ ಊರೂರು ಹಂಚುವ ಮೊದಲು ಪೋಷಕರ ಒಪ್ಪಿಗೆ ಪಡೆಯುವುದೂ ಅಗತ್ಯ.

ಗುಂಡಿಗಳ ಮೇಲೆ ಗುರುತು ಅಂಟಿಸುವುದು ಸಣ್ಣ ಕೆಲಸವಾದರೂ ಬಿಡಬಾರದು. ಕೆಂಪು ಗುಂಡಿಯ ಪಕ್ಕ ‘ಕ’ ಎಂದು ಬರೆದ ಚೀಟಿ, ಮೇಲೊಂದು ಪಾರದರ್ಶಕ ಟೇಪು. ಬಳಸದ ಗುಂಡಿಗಳನ್ನು ಟೇಪಿನಿಂದ ಮುಚ್ಚಿಬಿಟ್ಟರೆ ತಪ್ಪು ಒತ್ತುವ ಗೋಜೇ ಇಲ್ಲ.

ಆರಿಸುವ ಮುನ್ನ

ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೂ ನಿದ್ದೆಹೋಗದಂತೆ ವಿದ್ಯುತ್ ಸೆಟ್ಟಿಂಗಿನಲ್ಲಿ ‘ಏನೂ ಮಾಡಬೇಡ’ ಎಂದು ಆರಿಸಬೇಕು. ಮುಚ್ಚಿಟ್ಟ ಲ್ಯಾಪ್‌ಟಾಪಿನ ಮೇಲೆ ಬಟ್ಟೆ ಹೊದಿಸಬಾರದು, ಬಿಸಿ ಹೊರಹೋಗಲು ಸುತ್ತ ಜಾಗವಿರಲಿ. ಕಂಪ್ಯೂಟರ್ ಆನ್ ಆದೊಡನೆ ಕೋಡಿ ತಾನಾಗಿ ತೆರೆದುಕೊಳ್ಳುವಂತೆ ಮಾಡದಿದ್ದರೆ ಮೌಸಿನ ಹಂಗು ಉಳಿಯುತ್ತದೆ. ವಿಂಡೋಸಿನಲ್ಲಿ ಸ್ಟಾರ್ಟಪ್ ಫೋಲ್ಡರಿಗೆ ಕೋಡಿಯ ಕೊಂಡಿಯನ್ನು ಹಾಕಿದರಾಯಿತು. ಧ್ವನಿ ಟಿವಿಯಿಂದ ಬಾರದೆ ಲ್ಯಾಪ್‌ಟಾಪಿನಿಂದಲೇ ಬರುತ್ತಿದ್ದರೆ ಸಿಸ್ಟಮ್ ಸೆಟ್ಟಿಂಗಿನ ಆಡಿಯೊ ವಿಭಾಗದಲ್ಲಿ ಎಚ್‌ಡಿಎಂಐ ಆರಿಸಿ. ವಿಜಿಎ ತಂತಿ ಮಾತ್ರವಿರುವವರಿಗೆ ಧ್ವನಿಗೆ ಬೇರೊಂದು ತಂತಿ ಬೇಕೇ ಬೇಕು, ವಿಜಿಎ ಚಿತ್ರವನ್ನಷ್ಟೇ ಒಯ್ಯುತ್ತದೆ.

ಪೈ ಬಳಸುವವರ ಚಿಂತೆ ಕರೆಂಟಿನದು. ನಿಲ್ಲಿಸಿದ ಜಾಗವನ್ನು ಕೋಡಿ ನೆನಪಿಟ್ಟುಕೊಂಡು ಮರುದಿನ ಅಲ್ಲಿಂದಲೇ ಮುಂದುವರಿಸುತ್ತದೆ; ಆದರೆ ಆ ಗುರುತನ್ನು ಬರೆದುಕೊಳ್ಳುವುದು ವಿಡಿಯೊವನ್ನು ನಿಲ್ಲಿಸಿದಾಗ. ನಡುವೆ ದಿಢೀರನೆ ಕರೆಂಟು ಹೋದರೆ ಗುರುತು ಉಳಿಯದು. ಅದಕ್ಕಿಂತ ಕೆಟ್ಟದ್ದೆಂದರೆ, ಬರೆಯುತ್ತಿರುವ ಗಳಿಗೆಯಲ್ಲೇ ವಿದ್ಯುತ್ ಕಡಿದರೆ ಪೈಯ ಮೆಮೊರಿ ಕಾರ್ಡಿನಲ್ಲಿರುವುದೇ ಕೆಟ್ಟುಹೋಗಬಹುದು. ಆದುದರಿಂದ ಪಾಠಗಳ ಮೂಲಪ್ರತಿಯನ್ನು ಕಾರ್ಡಿನಲ್ಲಿಡದೆ ಬೇರೆ ಪೆನ್‌ಡ್ರೈವಿನಲ್ಲಿಡಿ, ಅದರ ಇನ್ನೊಂದು ನಕಲು ಶಾಲೆಯಲ್ಲಿರಲಿ. ಕೀಮ್ಯಾಪ್ ಎಡಿಟರಿನಲ್ಲೇ ಮತ್ತೊಂದು ಗುಂಡಿಗೆ ಯಂತ್ರವನ್ನು ಕ್ರಮವಾಗಿ ಮುಚ್ಚುವ ಕ್ರಿಯೆಯನ್ನು ಕೊಟ್ಟು, ಗೋಡೆಯ ಸ್ವಿಚ್ಚನ್ನು ಆರಿಸುವ ಮೊದಲು ಅದನ್ನು ಒತ್ತಿ ಪೈಯ ಹಸಿರು ದೀಪದ ಮಿನುಗು ನಿಲ್ಲುವವರೆಗೆ ಕಾಯುವುದನ್ನು ಮನೆಯವರೆಲ್ಲರೂ ರೂಢಿಸಿಕೊಳ್ಳಬೇಕು.